ಕದಿರು ಕಟ್ಟುವ ಕಾಲಕ್ಕೆ ಮರದ ತುಂಡುಗಳು

ಶರತ್ಕಾಲದ ಅಲಂಕಾರ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಬರುವುದು ಕೆಂಪು ಮೇಪಲ್ ಎಲೆ, ಕಿತ್ತಳೆ ಬಣ್ಣದ ಕುಂಬಳಕಾಯಿ. ನಮ್ಮ ಉಡುಪಿಯಲ್ಲಿ ಆ ಹೊತ್ತಿಗೆ ಮಳೆ ಬಿಡುತ್ತದೆ, ಗದ್ದೆಯಲ್ಲಿ ಭತ್ತದ ತೆನೆ, ಅಂದರೆ ಕದಿರು, ಬರುತ್ತದೆ. ಹೊಸ್ತು (ಹೊಸ ತೆನೆ ಮನೆಗೆ ತರುವ ಹಬ್ಬ), ನವರಾತ್ರಿ, ದೀಪಾವಳಿ, ತುಳಸಿ ಪೂಜೆ ಅಂತ ಹಬ್ಬಗಳ ಸಾಲು ಶುರು. ಹಾಗಾಗಿ ನಾನು ಮರದಲ್ಲಿ ಮಾಡುವುದೆಲ್ಲ ಕದಿರಿಗೆ, ಇಲ್ಲವೇ ದೀಪಕ್ಕೆ.

ಮರಕ್ಕೆ ಹೆಚ್ಚು ದುಡ್ಡು ಹಾಕಬೇಕಾಗಿಲ್ಲ. ಮಿಲ್ಲಿನಲ್ಲಿ ಮರ ಸೀಳಿ ಉಳಿದ ತುಂಡುಗಳು ಸೌದೆ ಲೆಕ್ಕದಲ್ಲಿ ತೂಕಕ್ಕೆ ಸಿಗುತ್ತವೆ. ನಾನು ಮೊದಲು ಕೈ ಹಾಕುವುದು ಹಲಸಿಗೆ. ಕೊಯ್ದಾಗ ಹಳದಿ ಇರುತ್ತದೆ, ಬೆಳಕು ತಾಗಿ ತಾಗಿ ಕಂದಾಗುತ್ತದೆ. ಬಣ್ಣದ ಖರ್ಚೇ ಇಲ್ಲ! ರಬ್ಬರ್ ಮರ ಅಗ್ಗ, ಆದರೆ ಹಸಿ ಇದ್ದಾಗ ಬೇಗ ಬೂಸು ಹಿಡಿದು ನೀಲಿಯಾಗುತ್ತದೆ, ಹುಳವೂ ಜಾಸ್ತಿ. ಹೊರದೇಶದಿಂದ ಸಾಮಾನು ಬಂದ ಪ್ಯಾಕಿಂಗ್ ಮರವೂ ಆಗುತ್ತದೆ, ಮುದ್ರೆ ನೋಡಿಕೊಳ್ಳಬೇಕು ಅಷ್ಟೆ. ‘ಎಚ್‌ಟಿ’ ಅಂತಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ್ದು. ‘ಎಂಬಿ’ ಅಂತಿದ್ದರೆ ವಿಷದ ಗ್ಯಾಸ್ ಹಾಕಿದ್ದು, ಅದು ಮನೆಯೊಳಗೆ ಬೇಡ.

ನಮ್ಮ ಕಡೆ ದೊಡ್ಡ ಕೆಲಸ ಅಂದರೆ ಮರ ಒಣಗಿಸುವುದು. ಮಳೆಗಾಲದಲ್ಲಿ ತಂದ ತುಂಡು ಮುಟ್ಟಿದರೆ ಒಣಗಿದ ಹಾಗೇ ಕಾಣುತ್ತದೆ, ಒಳಗೆ ಪಸೆ ಇರುತ್ತದೆ. ನಮ್ಮ ಮನೆಯ ಬಾಗಿಲು ಮಾಡಿದ ಆಚಾರ್ರು ಹೇಳುತ್ತಿದ್ದರು, “ಬಿಸಿಲಿಗೆ ಎಂತಕ್ಕೆ ಇಡ್ತೀರಿ ಅಮ್ಮಾ? ಸೀಳಿ ಹೋಗ್ತದೆ ಮಾರಾಯ್ರೆ, ನೆರಳಲ್ಲಿ ಇಡಿ.” ಹಾಗೇ ಮಾಡುತ್ತೇನೆ. ಎರಡು ತುಂಡುಗಳ ನಡುವೆ ಸಣ್ಣ ಕಡ್ಡಿ ಇಟ್ಟು, ಗಾಳಿ ಓಡಾಡುವಂತೆ ಜೋಡಿಸಿ, ಚಾವಡಿಯ ಮೂಲೆಗೆ ಬಿಡುವುದು. ಒಂದು ತುಂಡನ್ನು ಆಗಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತರೆ ಕೆಲಸ ಶುರು ಮಾಡಬಹುದು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕದಿರಿನ ಹಲಗೆ. ಹೊಸ್ತಿನ ದಿನ ತೆನೆಯನ್ನು ಮಾವು, ಹಲಸಿನ ಎಲೆಯಲ್ಲಿ ಸುತ್ತಿ ಬಾಗಿಲಿಗೆ, ಕಂಬಕ್ಕೆ, ತುಳಸಿಕಟ್ಟೆಗೆ ಕಟ್ಟುತ್ತೇವಲ್ವಾ? ಫ್ಲ್ಯಾಟ್‌ನಲ್ಲಿ ಕಂಬ ಎಲ್ಲಿಂದ ತರುವುದು? ಮಗಳ ಮನೆಗೆ ಅಂತಲೇ ಇದನ್ನು ಮಾಡಿದ್ದು. ಒಂದು ಅಡಿ ಉದ್ದ, ಮೂರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆ. ಮೇಲೆ ತೂಗುಹಾಕಲು ಒಂದು ತೂತು. ಕೆಳಗೆ ಸಾಲಾಗಿ ಮೂರು ಜೋಡಿ ಸಣ್ಣ ತೂತು. ಪ್ರತಿ ಜೋಡಿಯಲ್ಲಿ ತೆಂಗಿನ ನಾರಿನ ಹುರಿ ಪೋಣಿಸಿ, ಹಿಂದೆ ಗಂಟು ಹಾಕಿ, ಮುಂದೆ ಕುಣಿಕೆ ಬಿಡುವುದು. ತೆನೆಯ ಕಟ್ಟನ್ನು ಕುಣಿಕೆಗೆ ತೂರಿಸಿ ಎಳೆದರೆ ಬಿಗಿಯಾಗಿ ನಿಲ್ಲುತ್ತದೆ. ಮುಂದಿನ ವರ್ಷ ಹಳೆ ತೆನೆ ತೆಗೆದು ಹೊಸತು ಹಾಕಿದರಾಯಿತು.

ಉಪ್ಪುಕಾಗದ ಉಜ್ಜಲು ಸೋಮಾರಿತನ ಮಾಡಬೇಡಿ. 80 ನಂಬರ್‌ನಿಂದ ಶುರು ಮಾಡಿ 120, ಆಮೇಲೆ 220. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ, ಎಣ್ಣೆ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ದೀಪದ ಮಣೆಗೆ ಕೊಂಬೆಯನ್ನು ಬಿಲ್ಲೆಯಾಗಿ ಕೊಯ್ಯುತ್ತೇನೆ. ಬಿಲ್ಲೆ ಒಣಗುವಾಗ ನಡುವಿನಿಂದ ಅಂಚಿಗೆ ಬಿರಿಯುವುದು ಸಾಮಾನ್ಯ, ಯಾಕೆಂದರೆ ಮರ ಸುತ್ತಳತೆಯಲ್ಲಿ ಕುಗ್ಗುವಷ್ಟು ತಿರುಳಿನ ಕಡೆಗೆ ಕುಗ್ಗುವುದಿಲ್ಲ. ಕೊಂಬೆಯನ್ನು ಓರೆಯಾಗಿ ಕೊಯ್ದರೆ ಬಿರುಕು ಕಡಿಮೆ, ಮೊಟ್ಟೆಯಾಕಾರವೂ ಚಂದ. ಬಿರಿದರೂ ನಾನು ಎಸೆಯುವುದಿಲ್ಲ. ಹಣತೆಯನ್ನು ಮರದ ಮೇಲೆ ನೇರವಾಗಿ ಇಡಬಾರದು. ಮಣ್ಣಿನಿಂದ ಎಣ್ಣೆ ಜಿನುಗಿ ಮರಕ್ಕೆ ಇಳಿಯುತ್ತದೆ, ಬೆಂಕಿಯ ಭಯ. ಕೆಳಗೆ ಸಣ್ಣ ಸ್ಟೀಲ್ ತಟ್ಟೆ ಇಡಿ, ದೀಪ ಉರಿಯುವಷ್ಟು ಹೊತ್ತು ಯಾರಾದರೂ ಅಲ್ಲೇ ಇರಿ.

ಕೊನೆಗೆ ಎಣ್ಣೆ. ಮನೆಯಲ್ಲಿ ತೆಂಗಿನೆಣ್ಣೆ ಇದೆಯಲ್ಲ ಅಂತ ಹಚ್ಚಬೇಡಿ. ಅದು ಗಟ್ಟಿಯಾಗಿ ಒಣಗುವುದಿಲ್ಲ, ಧೂಳು ಅಂಟುತ್ತದೆ, ಕಮಟು ವಾಸನೆ ಬರುತ್ತದೆ. ದೋಣಿಗೆ ಬಳಿಯುವ ಗೇರೆಣ್ಣೆಯೂ ಬೇಡ, ಚರ್ಮ ಸುಡುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ತುಳಸಿ ಪೂಜೆ ಮುಗಿದ ಮೇಲೆ ದೀಪದ ಮಣೆಗಳನ್ನು ಪೇಪರ್‌ನಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಜೂನ್ ಜುಲೈಯಲ್ಲಿ ಬೂಸು ಗ್ಯಾರಂಟಿ. ಕದಿರಿನ ಹಲಗೆ ಮಾತ್ರ ವರ್ಷವಿಡೀ ಬಾಗಿಲ ಒಳಬದಿಯಲ್ಲೇ ಇರಲಿ. ಎರಚಲು ತಾಗುವ ಹೊರಗೋಡೆಗೆ ಅದನ್ನು ಹಾಕಬೇಡಿ.