ಗೋ-ಟು ದೂರದರ್ಶಕಕ್ಕೆ ಐಪೀಸ್‌ಗಿಂತ ಮೊದಲು ಬ್ಯಾಟರಿ

ನೆಕ್ಸ್‌ಸ್ಟಾರ್ 6ಎಸ್‌ಇಯಂತಹ ಗೋ-ಟು, ಅಂದರೆ ಕೇಳಿದ ಆಕಾಶಕಾಯದತ್ತ ತಾನೇ ತಿರುಗುವ ಕಂಪ್ಯೂಟರ್ ಚಾಲಿತ ದೂರದರ್ಶಕ ಕೊಂಡವರು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಪೆಟ್ಟಿಗೆಗೆ ಹಣ ಹಾಕುವ ಮೊದಲು 12 ವೋಲ್ಟಿನ, ಸುಮಾರು 7 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದನ್ನು ಕೊಳ್ಳುವುದು ಲೇಸು. ಒಳಗೆ ಹಾಕುವ 8 ಎಎ ಸೆಲ್‌ಗಳು, ಮೋಟಾರುಗಳು ವೇಗವಾಗಿ ತಿರುಗುವಾಗ ಏರುವ ವಿದ್ಯುತ್ ಬೇಡಿಕೆಯನ್ನು ತಾಳಲಾರದೆ ವೋಲ್ಟೇಜ್ ಇಳಿಸಿಬಿಡುತ್ತವೆ. ಆಗ ಹ್ಯಾಂಡ್ ಕಂಟ್ರೋಲ್ (ಕೈಯಲ್ಲಿ ಹಿಡಿಯುವ ನಿಯಂತ್ರಕ) ತಾನಾಗಿ ಮತ್ತೆ ಆರಂಭಗೊಂಡು ಅಷ್ಟು ಹೊತ್ತು ಕೂಡಿಸಿದ ಅಲೈನ್‌ಮೆಂಟ್ (ದೂರದರ್ಶಕಕ್ಕೆ ಆಕಾಶದ ದಿಕ್ಕು ತಿಳಿಸುವ ಹೊಂದಾಣಿಕೆ) ಅಳಿಸಿಹೋಗುತ್ತದೆ, ಇಲ್ಲವೇ ಶನಿಯನ್ನು ಕೇಳಿದರೆ ಖಾಲಿ ಆಕಾಶ ತೋರಿಸುತ್ತದೆ. ಮೇಲೆ ಹೇಳಿದ ಬಗೆಯ ಬ್ಯಾಟರಿ ಬಹುತೇಕ ಬರಿದಾಗುವವರೆಗೂ 13 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ಲಗ್ ಹೊರವ್ಯಾಸ 5.5, ಒಳವ್ಯಾಸ 2.1 ಮಿ.ಮೀ. ಅಳತೆಯದಾಗಿದ್ದು ಒಳಗಿನ ಭಾಗವೇ ಪಾಸಿಟಿವ್ ಆಗಿರಬೇಕು. ಮಲ್ಟಿಮೀಟರಿನಲ್ಲಿ ಪರೀಕ್ಷಿಸದೆ ಸಿಕ್ಕಿಸಬೇಡಿ. ತಂತಿ ಸಪೂರವಾಗಿ ಉದ್ದವಾಗಿದ್ದರೆ ಎಂತಹ ಬ್ಯಾಟರಿ ತಂದರೂ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ಇಬ್ಬನಿ ತಡೆಯುವ ಹೀಟರ್ ಪಟ್ಟಿಯನ್ನೂ ಇದಕ್ಕೇ ಜೋಡಿಸಿದರೆ ಅದು ಮೋಟಾರಿಗಿಂತ ಹೆಚ್ಚು ವಿದ್ಯುತ್ ನುಂಗಬಹುದಾದ್ದರಿಂದ, ಅದಕ್ಕೆ ಬೇರೆ ಬ್ಯಾಟರಿ ಇಡಿ, ಅಥವಾ ಮೊದಲಿಗೆ ಇಬ್ಬನಿ ಕೂರದಂತೆ ದೂರದರ್ಶಕದ ಮುಂತುದಿಗೆ ಹಾಕುವ ಅಗ್ಗದ ಇಬ್ಬನಿ ಕೊಳವೆಯೊಂದನ್ನೇ ತೊಡಿಸಿ ನೋಡಿ. ಬರೀ 5 ವೋಲ್ಟ್ ಕೊಡುವ ಮೊಬೈಲ್ ಪವರ್ ಬ್ಯಾಂಕ್ ಈ ಕೆಲಸಕ್ಕೆ ಬಾರದು. ಹೊರಗಿನ ತಂತಿ ಸ್ಟ್ಯಾಂಡಿಗೆ ಸುತ್ತಿಕೊಂಡು ಪ್ಲಗ್ ಕಳಚದಂತೆ ಹ್ಯಾಂಡ್ ಕಂಟ್ರೋಲಿನ ಮೆನುವಿನಲ್ಲಿ ಕಾರ್ಡ್‌ರ‍್ಯಾಪ್ ಆಯ್ಕೆಯನ್ನು ಆನ್ ಮಾಡಿಕೊಳ್ಳಿ.