90 ಮೀಟರ್ ಆಳದ ಆ ಕೆಂಪು ಮೀನು ಹೊಸದು ಅಂತ ಖಚಿತವಾಗಿದ್ದು ಹೀಗೆ

ಟಾರ್ಚ್ ಬೆಳಕು ಬೀಳುವವರೆಗೂ ಅದು ಬೂದು ಮೀನು ಅಂತಲೇ ಅಂದುಕೊಂಡಿದ್ದೆ. 90 ಮೀಟರ್ ಆಳದಲ್ಲಿ ಎಲ್ಲವೂ ನೀಲಿ, ಬೂದು. ಬಿಸಿಲಿನ ಕೆಂಪನ್ನು ಮೇಲಿನ ನೀರೇ ಹೀರಿಕೊಂಡಿರುತ್ತದೆ. ಹಾಗಾಗಿ ಅಲ್ಲಿ ಕೆಂಪು ಮೀನು ಬೂದಾಗಿಯೋ ಕಪ್ಪಗೋ ಕಾಣುತ್ತದೆ. ಟಾರ್ಚ್ ತಿರುಗಿಸಿದೆ. ಕೆಂಪು ಮೈ, ನೇರಳೆ ರೆಕ್ಕೆ, ಬಾಲದ ಬುಡದಲ್ಲಿ ಹಳದಿ. ಬೆರಳುದ್ದದ ಒಂದು ಫೇರಿ ರ‍್ಯಾಸ್, ಹವಳದ ದಿಬ್ಬಗಳ ಬಣ್ಣಬಣ್ಣದ ಪುಟ್ಟ ಮೀನು. ಈ ಗುಂಪಿನ ಮೀನುಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಈ ಬಣ್ಣ ಮಾತ್ರ ಎಲ್ಲೂ ಕಂಡಿರಲಿಲ್ಲ.

ಸಾಮಾನ್ಯ ಸ್ಕೂಬಾ ಸಲಕರಣೆಯಲ್ಲಿ ಅಷ್ಟು ಕೆಳಗೆ ಹೋಗಲಾಗದು. ಅಲ್ಲಿ ಒತ್ತಡ ಮೇಲಿನದರ 10 ಪಟ್ಟು. ಮಾಮೂಲಿ ಗಾಳಿ ಉಸಿರಾಡಿದರೆ ಅದರಲ್ಲಿನ ನೈಟ್ರೋಜನ್ ತಲೆಗೇರಿ ಮಂಪರು ಹಿಡಿಸುತ್ತದೆ. ಅದಕ್ಕೇ ಹೀಲಿಯಂ ಬೆರೆಸಿದ ಅನಿಲ, ಜೊತೆಗೆ ರೀಬ್ರೀದರ್. ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅದು ತೆಗೆದು, ಆಕ್ಸಿಜನ್ ಸೇರಿಸಿ ವಾಪಸ್ ಕೊಡುತ್ತದೆ. ಗುಳ್ಳೆ ಏಳುವುದಿಲ್ಲ, ಸದ್ದಿಲ್ಲ, ಮೀನು ಬೆದರುವುದಿಲ್ಲ. ಆದರೂ ತಳದಲ್ಲಿ ಸಿಗುವುದು ಹದಿನೈದು ಇಪ್ಪತ್ತು ನಿಮಿಷ ಅಷ್ಟೇ. ಆಮೇಲೆ ಹಂತಹಂತವಾಗಿ ನಿಂತು ನಿಂತು ಮೇಲೆ ಬರಲು ಗಂಟೆಗಟ್ಟಲೆ ಬೇಕು. 30ರಿಂದ 150 ಮೀಟರ್ ನಡುವಿನ ಈ ಮಸಕು ಬೆಳಕಿನ ಹವಳದ ದಿಬ್ಬಗಳು ಇಷ್ಟು ಕಾಲ ಕಣ್ಣಿಗೆ ಬೀಳದೆ ಉಳಿದಿದ್ದು ಇದರಿಂದಲೇ. ಮೇಲಿನಿಂದ ಬರುವವರಿಗೆ ತೀರಾ ಆಳ, ಜಲಾಂತರ್ಗಾಮಿಯಲ್ಲಿ ಹೋಗುವವರಿಗೆ ನಿಲ್ಲುವಷ್ಟು ಆಳವೇ ಅಲ್ಲ.

ಆ ದಿನ ಎರಡು ಸಣ್ಣ ಬಲೆಗಳಿಂದ ಒಂದು ಗಂಡು ಮೀನನ್ನು ಹಿಡಿದೆ. ಪರವಾನಗಿ ಮೊದಲೇ ಕೈಯಲ್ಲಿತ್ತು, ಅದಿಲ್ಲದೆ ಒಂದು ಮೀನನ್ನೂ ಮುಟ್ಟಬಾರದು. ದೋಣಿ ಹತ್ತಿದ ಮೇಲೆ ನಾನು ಮಾಡಿದ ತಪ್ಪು ಈಗಲೂ ಕಾಡುತ್ತದೆ. ಸುಸ್ತಾಗಿತ್ತು, ಮೈ ಚಳಿಗೆ ನಡುಗುತ್ತಿತ್ತು. ಮೀನನ್ನು ಐಸ್ ಮೇಲಿಟ್ಟು ಬಟ್ಟೆ ಬದಲಿಸಲು ಹೋದೆ. ಬಂದು ಕ್ಯಾಮೆರಾ ಹಿಡಿಯುವಷ್ಟರಲ್ಲಿ ನೇರಳೆ ಮಾಸಿತ್ತು.

ಬಣ್ಣವೇ ಯಾಕೆ ಅಷ್ಟು ಮುಖ್ಯ? ಈ ಗುಂಪಿನಲ್ಲಿ ರೆಕ್ಕೆಯ ಮುಳ್ಳು, ಕಡ್ಡಿ ಎಣಿಸಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಬೆನ್ನಿನ ರೆಕ್ಕೆಯಲ್ಲಿ 11 ಮುಳ್ಳು, 9 ಮೃದು ಕಡ್ಡಿ. ಹೆಚ್ಚೂಕಮ್ಮಿ ಎಲ್ಲದರಲ್ಲೂ ಹಾಗೇ. ಬೇರೆ ಬೇರೆ ಅಂತ ಎದ್ದು ಕಾಣುವುದು ಗಂಡು ಮೀನಿನ ಬಣ್ಣದಲ್ಲಿ. ಕೊಳೆಯದಂತೆ ಇಡಲು ಫಾರ್ಮಲಿನ್, ಆಲ್ಕೋಹಾಲ್‌ಗೆ ಹಾಕಿದರೆ ಅದೂ ಹೋಗುತ್ತದೆ. ಮುಂದಿನ ಸಲ ಮೀನು ಸಿಕ್ಕಾಗ ಒದ್ದೆ ಬಟ್ಟೆಯಲ್ಲೇ ಕೂತೆ. ರೆಕ್ಕೆ ಬಿಡಿಸಿ, ಸಣ್ಣ ಪಿನ್ನು ಚುಚ್ಚಿ, ಬುಡಕ್ಕೆ ಫಾರ್ಮಲಿನ್ ಹಚ್ಚಿ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆದೆ. ಅದಕ್ಕೂ ಮೊದಲೇ ಡಿಎನ್‌ಎಗಾಗಿ ರೆಕ್ಕೆಯ ಒಂದು ಚೂರನ್ನು ಆಲ್ಕೋಹಾಲ್‌ಗೆ ಹಾಕಿಟ್ಟಿದ್ದೆ. ಇದನ್ನು ಫಾರ್ಮಲಿನ್‌ಗೆ ಮೊದಲೇ ಮಾಡಬೇಕು, ಆಮೇಲೆ ಡಿಎನ್‌ಎ ಕೆಡುತ್ತದೆ. ಹೆಣ್ಣು, ಮರಿಗಳನ್ನೂ ಹುಡುಕಿದೆವು. ಇವುಗಳಲ್ಲಿ ಹೆಣ್ಣೇ ಬೆಳೆದು ಗಂಡಾಗುತ್ತದೆ, ಬಣ್ಣ ಪೂರ್ತಿ ಬದಲಾಗುತ್ತದೆ. ಒಂದೇ ಹಂತ ನೋಡಿದರೆ ಮೋಸ ಹೋಗುತ್ತೇವೆ.

ಮಾಲ್ಡೀವ್ಸ್‌ನ ಇನ್ನೊಂದು ಫೇರಿ ರ‍್ಯಾಸ್, ಸಿರಿಲಾಬ್ರಸ್ ಫಿನಿಫೆನ್ಮಾದ ಕಥೆ ಇದಕ್ಕೆ ಸಾಕ್ಷಿ. 1990ರ ದಶಕದಲ್ಲೇ ಸಿಕ್ಕಿದ್ದ ಮೀನದು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಒಂದೇ ಒಂದು ಮರಿಯ ಆಧಾರದಲ್ಲಿ ಹೆಸರಿಸಿದ್ದ ಇನ್ನೊಂದು ಪ್ರಭೇದದ ದೊಡ್ಡ ಮೀನು ಇದು ಅಂತ ಎಲ್ಲರೂ ನಂಬಿದ್ದರು. ಎರಡೂ ಬೇರೆ ಅಂತ ತಿಳಿದು, 2022ರಲ್ಲಿ ಹೆಸರಿಟ್ಟರು. ಹೆಸರಿಟ್ಟವರಲ್ಲಿ ಮಾಲ್ಡೀವ್ಸ್‌ನವರೇ ಆದ ಅಹ್ಮದ್ ನಜೀಬ್ ಕೂಡ ಇದ್ದಾರೆ. ಅಲ್ಲಿನ ಭಾಷೆ ಧಿವೇಹಿಯಲ್ಲಿ ಫಿನಿಫೆನ್ಮಾ ಅಂದರೆ ಗುಲಾಬಿ, ಅಲ್ಲಿನ ರಾಷ್ಟ್ರೀಯ ಹೂವು. ಎಷ್ಟು ಚಂದದ ಹೆಸರು ಅಲ್ವಾ!

ಈ ಕಥೆ ಗೊತ್ತಿದ್ದರಿಂದ ನಾನು ಅವಸರ ಮಾಡಲಿಲ್ಲ. ಹತ್ತಿರದ ಸಂಬಂಧಿ ಪ್ರಭೇದಗಳ ಮಾದರಿಗಳನ್ನು ಸಂಗ್ರಹಾಲಯಗಳಿಂದ ತರಿಸಿಕೊಂಡೆ. ಹುರುಪೆ, ಕಿವಿರಿನ ಕಡ್ಡಿ ಎಣಿಸಿದೆ, ಎಕ್ಸ್‌ರೇಯಲ್ಲಿ ಬೆನ್ನೆಲುಬು ನೋಡಿದೆ. ಹಳೆಯ ವಿವರಣೆಗಳನ್ನು ಸಾಲು ಸಾಲಾಗಿ ಓದಿದೆ. ಡಿಎನ್‌ಎ ಫಲಿತಾಂಶವೂ ಬಣ್ಣ ಹೇಳಿದ್ದನ್ನೇ ಹೇಳಿತು. ನೀರಿನಲ್ಲಿ ಇಪ್ಪತ್ತು ನಿಮಿಷ, ಮೇಜಿನ ಮುಂದೆ ಎರಡು ವರ್ಷ. ಲೇಖನ ಬರೀ ಆನ್‌ಲೈನ್‌ನಲ್ಲಿ ಬರುವುದಾದರೆ ಅದನ್ನು ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ನೋಂದಣಿಯಾದ ಝೂಬ್ಯಾಂಕ್‌ನಲ್ಲಿ ದಾಖಲಿಸಬೇಕು, ಇಲ್ಲದಿದ್ದರೆ ಹೊಸ ಹೆಸರು ಊರ್ಜಿತವಾಗುವುದಿಲ್ಲ. ಅದನ್ನೂ ಮುಗಿಸಿದೆ.

ಹೆಸರಿಗೆ ಆಧಾರವಾಗಿ ಆರಿಸಿದ ಆ ಒಂದು ಮೀನು, ಅಂದರೆ ಹೋಲೋಟೈಪ್, ಈಗ ಸಂಗ್ರಹಾಲಯದ ಗಾಜಿನ ಬಾಟಲಿಯಲ್ಲಿದೆ. ಮೈ ಬಿಳಿಚಿಕೊಂಡಿದೆ. ಮುಂದೆ ಅದನ್ನು ತೆರೆದು ನೋಡುವವರಿಗಾಗಿ ಒಳಗಿನ ಚೀಟಿಯಲ್ಲಿ ಆ ದಿನದ ಫೋಟೋ ಸಂಖ್ಯೆ ಬರೆದಿಟ್ಟಿದ್ದೇನೆ.