ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಕೋವಿಡ್ ರೋಗಿಯ ಜೊತೆಗಿರುವ ಮನೆಯವರ ಕಣ್ಣು ಸಾಮಾನ್ಯವಾಗಿ ಆಮ್ಲಜನಕದ ಅಂಕಿಯ ಮೇಲೆಯೇ ಇರುತ್ತದೆ. ಆದರೆ ಈ ಸೋಂಕು ಶ್ವಾಸಕೋಶದ ಜೊತೆಗೆ ರಕ್ತನಾಳಗಳನ್ನೂ ಕಾಡುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು 2020ರಲ್ಲಿ ತೀವ್ರ ನಿಗಾ ಘಟಕದ 184 ರೋಗಿಗಳನ್ನು ಗಮನಿಸಿದಾಗ, ಹೆಪ್ಪು ತಡೆಯುವ ಔಷಧ ಕೊಡುತ್ತಿದ್ದರೂ ಶೇ 31ರಷ್ಟು ಮಂದಿಯಲ್ಲಿ ಹೆಪ್ಪಿನ ತೊಡಕು ಕಂಡಿತ್ತು. ಅದರಲ್ಲಿ ಹೆಚ್ಚಿನವು ಶ್ವಾಸಕೋಶದ ರಕ್ತನಾಳಗಳಲ್ಲಿದ್ದವು. ರಕ್ತನಾಳದ ಒಳಪದರಕ್ಕೆ ಪೆಟ್ಟಾಗುವುದು, ಹರಿವು ನಿಧಾನವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು – ಹೆಪ್ಪಿಗೆ ಕಾರಣವಾಗುವ ಈ ಮೂರೂ ಹಾಸಿಗೆ ಹಿಡಿದ ಕೋವಿಡ್ ರೋಗಿಯಲ್ಲಿ ಒಟ್ಟಿಗೇ ಸೇರುತ್ತವೆ.

ಮೊದಲ ಹೆಜ್ಜೆ, ದಾಖಲಾಗುವಾಗಲೇ ಪೂರ್ವಚರಿತ್ರೆಯನ್ನು ಮುಚ್ಚಿಡದೆ ತಿಳಿಸುವುದು. ರೋಗಿಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ, ಕ್ಯಾನ್ಸರ್, ಗರ್ಭಾವಸ್ಥೆ ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆ ಇದೆಯೇ, ಗರ್ಭನಿರೋಧಕ ಮಾತ್ರೆ ನಡೆಯುತ್ತಿದೆಯೇ ಎಂಬುದನ್ನು ಹೇಳಬೇಕು. ಹೊಟ್ಟೆಯ ಹುಣ್ಣು, ಹಿಂದೆ ಆಗಿದ್ದ ರಕ್ತಸ್ರಾವ, ಮೂತ್ರಪಿಂಡದ ತೊಂದರೆ, ಈಗಾಗಲೇ ನುಂಗುತ್ತಿರುವ ಆಸ್ಪಿರಿನ್ ಅಥವಾ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ – ಇವೂ ಅಷ್ಟೇ ಮುಖ್ಯ, ಏಕೆಂದರೆ ಹೆಪ್ಪು ತಡೆಯುವ ಔಷಧವೇ ಇಂಥವರಲ್ಲಿ ರಕ್ತಸ್ರಾವ ಉಂಟುಮಾಡಬಹುದು.

ಎರಡನೆಯದು ಹೆಪ್ಪು ತಡೆಯುವ ಇಂಜೆಕ್ಷನ್. ಮಧ್ಯಮ ಪ್ರಮಾಣದ ಕಾಯಿಲೆ ಇರುವವರಿಗೆ ಹೆಪಾರಿನ್ ಅಥವಾ ಎನಾಕ್ಸಪರಿನ್ ಅನ್ನು ಮುಂಜಾಗ್ರತೆಯ ಪ್ರಮಾಣದಲ್ಲಿ, ಎನಾಕ್ಸಪರಿನ್ ಆದರೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ, ಚರ್ಮದಡಿ ಕೊಡುವಂತೆ ಭಾರತದ ಚಿಕಿತ್ಸಾ ಮಾರ್ಗಸೂಚಿ ಹೇಳಿತ್ತು. ‘ಹೆಪ್ಪು ತಡೆಯುವ ಇಂಜೆಕ್ಷನ್ ಶುರುವಾಗಿದೆಯೇ ಡಾಕ್ಟರೇ?’ ಎಂದು ಕೇಳಲು ಸಂಕೋಚ ಬೇಡ. ಆದರೆ ಪ್ರಮಾಣ ಹೆಚ್ಚಿಸಿ ಎಂದು ಪಟ್ಟು ಹಿಡಿಯಬಾರದು. ಆಸ್ಪತ್ರೆ ಸೇರಿದ್ದರೂ ತೀವ್ರ ನಿಗಾ ಘಟಕದ ಆಸರೆ ಬೇಕಾಗದವರಿಗೆ ಪೂರ್ಣ ಪ್ರಮಾಣದ (ಆಗಿರುವ ಹೆಪ್ಪಿಗೆ ಚಿಕಿತ್ಸೆಯಾಗಿ ಕೊಡುವಷ್ಟು) ಹೆಪಾರಿನ್‌ನಿಂದ ಅನುಕೂಲವಾಯಿತೆಂದೂ, ಅದೇ ಪ್ರಮಾಣ ಆ ಘಟಕದಲ್ಲಿ ತೀವ್ರವಾಗಿ ಬಳಲುತ್ತಿದ್ದವರಿಗೆ ನೆರವಾಗಲಿಲ್ಲವೆಂದೂ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗಗಳು ತೋರಿಸಿದವು. ಕಾಯಿಲೆ ಬಿಗಡಾಯಿಸಿದಷ್ಟೂ ಔಷಧ ಹೆಚ್ಚಿರಬೇಕೆಂಬ ನಮ್ಮ ಸಹಜ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹೊಟ್ಟೆಯ ಮೇಲೆ ಚುಚ್ಚಿದ ಜಾಗ ಸ್ವಲ್ಪ ಕಪ್ಪಾಗುವುದು ಸಾಮಾನ್ಯ, ಅದನ್ನು ಉಜ್ಜಬಾರದು. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡಿನಿಂದ ರಕ್ತ ನಿಲ್ಲದಿದ್ದರೆ ಕೂಡಲೇ ತಿಳಿಸಬೇಕು.

ಮೂರನೆಯದು ಕಾಲಾಡಿಸುವುದು. ವೈದ್ಯರು ಒಪ್ಪಿದರೆ ಎದ್ದು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ. ಏಳಲಾಗದವರು ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ.

ನಾಲ್ಕನೆಯದು, ಲಕ್ಷಣಗಳನ್ನು ಗುರುತಿಸುವುದು. ಒಂದೇ ಕಾಲು ಊದಿಕೊಂಡು ಮೀನಖಂಡದಲ್ಲಿ ನೋವು, ಬಿಸಿ ಕಾಣಿಸಿದರೆ ರಕ್ತನಾಳದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾಗಬಹುದು. ಚೇತರಿಸಿಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಅಥವಾ ತಲೆಸುತ್ತಿ ಬಿದ್ದರೆ ‘ಸೋಂಕಿನ ನಿಶ್ಶಕ್ತಿ’ ಎಂದು ಸುಮ್ಮನಾಗುವಂತಿಲ್ಲ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಪಾರ್ಶ್ವವಾಯುವಿನ ಸೂಚನೆ. ಅಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ತುಣುಕನ್ನು ಅಳೆಯುವ ಡಿ-ಡೈಮರ್ ಪರೀಕ್ಷೆಯ ಬಗ್ಗೆ ಒಂದು ಮಾತು. ಎರಡನೇ ಅಲೆಯಲ್ಲಿ ಮನೆಮನೆಗೂ ಪರಿಚಿತವಾದ ಈ ಪರೀಕ್ಷೆಯ ಅಂಕಿ ವಯಸ್ಸು, ಗರ್ಭಾವಸ್ಥೆ, ಬೇರೆ ಸೋಂಕುಗಳಿಂದಲೂ ಏರುತ್ತದೆ. ವೈದ್ಯರ ಕೈಯಲ್ಲಿ ಅದು ಒಂದು ಸುಳಿವು. ಲಕ್ಷಣವಿಲ್ಲದವರು ತಾವಾಗಿಯೇ ಮತ್ತೆ ಮತ್ತೆ ಮಾಡಿಸಿದರೆ ಆತಂಕ ಮತ್ತು ಖರ್ಚು ಬಿಟ್ಟು ಹೆಚ್ಚೇನೂ ಸಿಗದು.

ಕೊನೆಯ ಹೆಜ್ಜೆ ಮನೆಗೆ ಮರಳಿದ ಮೇಲಿನದು. ಸ್ವೀಡನ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಸೋಂಕಿತರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾಲಿನಲ್ಲಿ ಹೆಪ್ಪಾಗುವ ಅಪಾಯ 3 ತಿಂಗಳವರೆಗೂ ಶ್ವಾಸಕೋಶದಲ್ಲಿ 6 ತಿಂಗಳವರೆಗೂ ಸಾಮಾನ್ಯಕ್ಕಿಂತ ಹೆಚ್ಚಿತ್ತು. ಹಾಗೆಂದು ಎಲ್ಲರಿಗೂ ಹೆಪ್ಪು ತಡೆಯುವ ಮಾತ್ರೆ ಬೇಕಿಲ್ಲ. ಬ್ರೆಜಿಲ್‌ನ ಒಂದು ಪ್ರಯೋಗದಲ್ಲಿ 35 ದಿನ ರಿವರಾಕ್ಸಬಾನ್ ಎಂಬ ಅಂಥ ಮಾತ್ರೆ ಕೊಟ್ಟಾಗ ಪ್ರಯೋಜನ ಕಂಡದ್ದು, ಹೆಚ್ಚು ಅಪಾಯವಿರುವವರೆಂದು ಆರಿಸಿದ್ದ ರೋಗಿಗಳಲ್ಲಿ. ಅಂಗಡಿಯಿಂದ ಆಸ್ಪಿರಿನ್ ತಂದು ನುಂಗುವುದಂತೂ ಸಲ್ಲದು. ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲೂ ಅದು ಸಾವನ್ನು ತಗ್ಗಿಸಲಿಲ್ಲವೆಂದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಕಂಡುಕೊಂಡಿತು. ಮಾತ್ರೆ ಬರೆದುಕೊಟ್ಟಿದ್ದರೆ ಅದರ ಹೆಸರು, ಪ್ರಮಾಣ ಮತ್ತು ನಿಲ್ಲಿಸಬೇಕಾದ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಆ ಅವಧಿಯಲ್ಲಿ ಹಲ್ಲು ಕೀಳಿಸಬೇಕಾದರೂ ನೋವಿನ ಮಾತ್ರೆ ಕೊಳ್ಳಬೇಕಾದರೂ ಮೊದಲು ಆ ಚೀಟಿಯನ್ನು ತೋರಿಸಿ.